ಗಡಿಯಾಚೆಯ ಅಳು

ನಮ್ಮ ಸುದ್ದಿವಾಹಿನಿಯಲ್ಲಿ ಅವಳನ್ನು ಎಲ್ಲರೂ ಅಳುವಕ್ಕ ಎನ್ನುತ್ತಿದ್ದರು. ಪರದೇಶದ ತುಣುಕುಗಳಲ್ಲಿ ಯಾವ ಹೆಂಗಸು ಅತ್ತರೂ ನಮ್ಮ ಭಾಷೆಯಲ್ಲಿ ದನಿ ಕೊಡುವುದು ಅವಳ ಕೆಲಸ. ಗೋಡೆಗೆ ಸ್ಪಂಜು ಬಡಿದ, ಫ್ಯಾನೂ ಇಲ್ಲದ ಗೂಡಿನಲ್ಲಿ ಕೂತು, ಬೆಳಗಿನ ಟೀಗೆ ಮೊದಲೇ ಇಬ್ಬರು ವಿಧವೆಯರನ್ನು ಮುಗಿಸಿಬಿಡುತ್ತಿದ್ದಳು. ಗಾಜಿನ ಈಚೆ ಕೂತು ರೆಕಾರ್ಡ್ ಮಾಡುವವನು ನಾನು.

ಯುದ್ಧ ಶುರುವಾದ ಮೇಲೆ ಸಂಪಾದಕರು ಅಳುವಿಗೂ ಅಳತೆ ಗೊತ್ತುಮಾಡಿದರು. ಮಿತ್ರದೇಶದ ತಾಯಿ ಎದೆ ಬಿರಿಯುವಂತೆ ಅಳಬಹುದು. ಶತ್ರುದೇಶದವಳು ಹವಾಮಾನ ವರದಿಯಷ್ಟು ಒಣಗಿರಬೇಕು. ಇದರಲ್ಲಿ ನಮ್ಮದೇನೂ ಹೆಚ್ಚುಗಾರಿಕೆಯಿಲ್ಲ. ಸುದ್ದಿ ಏಜೆನ್ಸಿ ಒಂದೇ ತುಣುಕನ್ನು ಎಲ್ಲ ದೇಶಗಳಿಗೂ ಮಾರುತ್ತದೆ. ಅದರಲ್ಲಿ ಅಳುವವಳು ಆಚೆ ಕಡೆ ಹುತಾತ್ಮನ ತಾಯಿ, ನಮ್ಮಲ್ಲಿ ಅಪಪ್ರಚಾರ, ದೂರದ ದೊಡ್ಡ ದೇಶದಲ್ಲಿ ಫುಟ್‌ಬಾಲಿಗೆ ಮುಂಚಿನ ಸುದ್ದಿಯಲ್ಲಿ 'ಎರಡೂ ಕಡೆ ಆತಂಕ'. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ, ನಮಗೆ ಜಾಹೀರಾತು.

ಅಳುವಕ್ಕನ ಒಬ್ಬನೇ ಮಗ ಸೈನ್ಯದಲ್ಲಿದ್ದ. ಗುಂಡು ತಲುಪದ ಹಿಂದಿನ ಸಾಲಿನಲ್ಲಿ ಲಾರಿ ಓಡಿಸುತ್ತಾನೆಂಬುದೇ ಅವಳಿಗಿದ್ದ ನೆಮ್ಮದಿ. ಅವನ ಫೋನ್ ಬಾರದೆ ವಾರವಾಗಿತ್ತು.

ಆ ದಿನ ತೆರೆಯ ಮೇಲೆ ಶತ್ರುದೇಶದ ಹೆಂಗಸೊಬ್ಬಳು ಕುಸಿದ ಮನೆಯ ಇಟ್ಟಿಗೆಗಳನ್ನು ಬರಿಗೈಯಲ್ಲಿ ಎತ್ತಿಹಾಕುತ್ತ ಮಗನನ್ನು ಕೂಗುತ್ತಿದ್ದಳು. ಅಳುವಕ್ಕ ಸಂಪಾದಕರು ಹೇಳಿದಂತೆ ಒಣಗಿದ ದನಿಯಲ್ಲೇ ಶುರುಮಾಡಿದಳು. 'ಮಗನೇ' ಎನ್ನುವಲ್ಲಿ ಅಳತೆ ತಪ್ಪಿತು. ನಿಜವಾಗಿಯೇ ಅತ್ತಳು. ಸುಳ್ಳೇಕೆ, ನಾನೂ ರೆಕಾರ್ಡಿಂಗ್ ನಿಲ್ಲಿಸಲಿಲ್ಲ.

ಬೈಗುಳ ಗ್ಯಾರಂಟಿ ಎಂದುಕೊಂಡೆವು. ಆದರೆ ಸಂಪಾದಕರು ಕಣ್ಣೊರೆಸಿಕೊಂಡು, ಇಂಥ ಅಳುವನ್ನು ಶತ್ರುವಿಗೆ ದಾನ ಮಾಡುವಷ್ಟು ಧರ್ಮಾತ್ಮರು ನಾವಲ್ಲ ಎಂದರು. ಮೂಲ ದನಿ ಅಳಿಸಿ, ತೆರೆಯ ಕೆಳಗೆ 'ನಮ್ಮ ಗಡಿಯೂರಿನ ತಾಯಿಯ ಆಕ್ರಂದನ' ಎಂದು ಹಾಕಿಸಿದರು. ಇಟ್ಟಿಗೆಗೇನು ಪಾಸ್‌ಪೋರ್ಟ್ ಇರುತ್ತದೆಯೇ? ಅಳುವಕ್ಕ ಬೇಡವೆಂದು ಗೋಗರೆದಳು. ಅಳುವವಳಿಗೆ ಶೀರ್ಷಿಕೆಯ ಗೊಡವೆ ಏಕೆಂದು ಅವಳನ್ನು ಆಚೆ ಕಳಿಸಿದರು. ದೇಶವೆಲ್ಲ ನೋಡಿ ಹಲ್ಲು ಕಡಿಯಿತು.

ಮರುದಿನ ಕ್ಯಾಂಟೀನಿನಲ್ಲಿದ್ದಾಗ ಮಗನ ಫೋನ್ ಬಂತು. ಖುಷಿಗೆ, ನಮಗೂ ಕೇಳಲೆಂದು ಸ್ಪೀಕರ್ ಒತ್ತಿದಳು.

"ಅಮ್ಮ, ಗಡಿಯೂರಿನ ಆ ತಾಯಿ ಅಳೋದನ್ನ ಇಲ್ಲಿ ಎಲ್ಲರೂ ನೋಡಿದ್ವಿ. ನೀನೇ ಅತ್ತ ಹಾಗಾಯ್ತು. ತಡ್ಕೊಳ್ಳೋಕೆ ಆಗ್ಲಿಲ್ಲ. ಲಾರಿ ಬಿಟ್ಟು ಮುಂದಿನ ಸಾಲಿಗೆ ಹೆಸರು ಕೊಟ್ಟಿದ್ದೀನಿ. ಈಗಲೇ ಹೊರಟ್ವಿ."

ಅಳುವಕ್ಕನ ಮುಖ ಬಿಳಿಚಿಕೊಂಡಿತು. "ಅದು ನಾನೇ ಕಣೋ ಅತ್ತಿದ್ದು. ಆ ಹೆಂಗಸು ನಮ್ಮವಳಲ್ಲ, ಅವರ ಕಡೆಯವಳು. ಹೋಗ್ಬೇಡ ಮಗನೇ."

ಆ ಕಡೆ ಅವನು ಮೆಲ್ಲಗೆ ನಕ್ಕ.

"ನನ್ನ ತಡೆಯೋಕೆ ಏನೇನೋ ಹೇಳ್ಬೇಡಮ್ಮ. ಕೆಳಗೆ ಬರೆದಿತ್ತಲ್ಲ, ನಾನೇ ಓದಿದೆ."