ಮೆಲುದನಿ ಕಲಿಸಿದ ಅಕ್ಕೋರು

ಅಕ್ಕೋರ ಮೇಲ್ತುಟಿಯ ನಡುವೆ ಯಾವಾಗಲೂ ಒಂದು ಬಿಳಿ ಗುರುತು ಇರುತ್ತಿತ್ತು. ಶಾಲೆಯಲ್ಲಿ ಚಾಕ್‌ಪೀಸ್ ಹಿಡಿದ ಬೆರಳನ್ನೇ ತುಟಿಗೆ ಒತ್ತಿ ಮಕ್ಕಳಿಗೆ "ಶ್" ಅನ್ನುತ್ತಿದ್ದರಲ್ಲ, ಅದರ ಪುಡಿ. ಸಂಜೆ ಮುಖ ತೊಳೆದರೂ ಪೂರ್ತಿ ಹೋಗುತ್ತಿರಲಿಲ್ಲ. ಮಾನ್ವಿಯಲ್ಲಿ ಅವರಷ್ಟು ಮೆಲ್ಲಗೆ ಮಾತಾಡುವವರನ್ನು ನಾನು ಕಂಡಿಲ್ಲ. ಬೈದರೂ ಮಗುವಿಗೆ ಹಾಲು ಕುಡಿಸಿದ ಹಾಗಿರುತ್ತಿತ್ತು. "ಮಾತು ಆಡಿದರ ಹೋತು, ಮುತ್ತು ಒಡದರ ಹೋತು" ಎಂಬ ಗಾದೆ ದಿನಕ್ಕೊಮ್ಮೆಯಾದರೂ ಅವರ ಬಾಯಲ್ಲಿ ಬರಬೇಕು.

ಅವರ ಯಜಮಾನರದು ಅಕ್ಕಿ ಗಿರಣಿ. ನಮ್ಮವ್ವ ಕುರ್ಡಿಯಿಂದ ಮದುವೆಯಾಗಿ ಬಂದವಳೇ ಆ ಗಿರಣಿಗೆ ಕೆಲಸಕ್ಕೆ ಸೇರಿದಳು. ಒಂದು ದಿನ ಅಕ್ಕೋರು ಅಲ್ಲಿಗೆ ಬಂದಾಗ ಅವ್ವ ತೌಡಿನ ಧೂಳಿನಲ್ಲಿ ಕೆಮ್ಮುತ್ತ ಕೂತಿದ್ದನ್ನು ಕಂಡರು. "ಈ ಧೂಳಿನಾಗ ಯಾಕ ಸಾಯ್ತಿ? ನಮ್ಮ ಮನಿಗಿ ಬಾ" ಎಂದು ಅಂದೇ ಕರೆದುಕೊಂಡು ಹೋದರು. ಹಾಗೆ ಅವ್ವ ಅವರ ಮನೆಗೆಲಸಕ್ಕೆ ಬಂದಳು.

ಅವ್ವನ ಗಂಟಲು ದೊಡ್ಡದು. ಗಿರಣಿಯಲ್ಲಿ ದುಡಿದವರೆಲ್ಲರದೂ ದೊಡ್ಡದೇ. ಆ ಯಂತ್ರದ ಸದ್ದಿನಲ್ಲಿ ಪಕ್ಕದವಳಿಗೆ ಒಂದು ಮಾತು ಮುಟ್ಟಿಸಬೇಕಾದರೂ ಕಿರುಚಲೇಬೇಕು. ಅಕ್ಕೋರು ಮಾತ್ರ ಅದನ್ನು ಯಂತ್ರದ ತಪ್ಪೆಂದು ತಿಳಿಯಲಿಲ್ಲ, ನಮ್ಮ ಹುಟ್ಟುಗುಣವೆಂದು ತಿಳಿದರು.

"ನೋಡಬೇ, ನಿಮ್ಮ ಓಣ್ಯಾಗ ಒದರಿದಂಗ ಇಲ್ಲಿ ಒದರಬ್ಯಾಡ. ಮೆಲ್ಲಕ. ಮೆಲ್ಲಕ ಹೇಳಿದರೂ ನಮಗ ಕೇಳಸ್ತದ."

ಅವ್ವ ಕಲಿತಳು. ಕಾಲುವೆಯ ದಂಡೆಯಿಂದ ಕೂಗಿದರೆ ಬಸ್‌ಸ್ಟ್ಯಾಂಡಿಗೆ ಕೇಳುತ್ತದೆ ಎಂದು ಹೆಸರಾಗಿದ್ದವಳು, ಬರಬರುತ್ತ ನಮ್ಮ ಮನೆಯಲ್ಲೂ ಪಿಸುಮಾತಿಗೆ ಇಳಿದಳು. "ನಿನ್ನ ಗಂಟಲಿಗಿ ಕೀಲಿ ಹಾಕ್ಯಾರೇನು?" ಎಂದು ಅಪ್ಪ ನಗೆಯಾಡುತ್ತಿದ್ದ. ಅವ್ವನೂ ನಗುತ್ತಿದ್ದಳು, ಸದ್ದಿಲ್ಲದೆ.

ನನ್ನ ಓದು ಅಕ್ಕೋರ ಭಿಕ್ಷೆ. ಇದನ್ನು ಮುಚ್ಚಿಟ್ಟರೆ ನಾಲಿಗೆಗೆ ಹುಳ ಬಿದ್ದೀತು. ನಾಟಿಯ ಕಾಲದಲ್ಲಿ ನನ್ನನ್ನು ಶಾಲೆ ಬಿಡಿಸಿ ಗದ್ದೆಗೆ ಕರೆದೊಯ್ಯಲು ಸೋದರಮಾವ ಬಂದಾಗ, ಬಾಗಿಲಿಗೆ ಅಡ್ಡ ನಿಂತವರು ಅವರೇ. "ಇಕಿ ಓದಾಕಿ. ಕೆಸರಿಗಿ ಬ್ಯಾರೆ ಮಕ್ಕಳು ಭಾಳ ಅದಾವ, ಕರಕೊಂಡು ಹೋಗು" ಎಂದರು. ಮಾವ ತಲೆ ತಗ್ಗಿಸಿ ಹೋದ. ನಾನು ಬಚಾವಾದೆ. ಆ ಬೇರೆ ಮಕ್ಕಳು ಯಾರು ಎಂದು ಕೇಳುವ ವಯಸ್ಸು ನನ್ನದಾಗಿರಲಿಲ್ಲ.

ಒಮ್ಮೆ ಗಿರಣಿಯಲ್ಲಿ ಗಿಲ್ಲೆಸುಗೂರಿನ ಹಮಾಲನೊಬ್ಬನ ಕಾಲಿನ ಮೇಲೆ ಚೀಲಗಳು ಉರುಳಿದವು. ಅವನ ಚೀರಾಟ ಓಣಿಗೆಲ್ಲ ಕೇಳಿತು. ಅಕ್ಕೋರು ಬರಿಗಾಲಲ್ಲಿ ಓಡಿದರು. ತಮ್ಮ ಸೆರಗನ್ನೇ ಹರಿದು ಅವನ ಕಾಲಿಗೆ ಕಟ್ಟಿ, ಕಾರಿನಲ್ಲಿ ದವಾಖಾನೆಗೆ ಕರೆದುಕೊಂಡು ಹೋದರು. ಸೀಟಿನ ತುಂಬ ರಕ್ತ. ಅದಕ್ಕೆ ಮುಖ ಸಿಂಡರಿಸಲಿಲ್ಲ. ತಿರುಗಿ ಬಂದು ಕೈ ತೊಳೆಯುತ್ತ ಅವ್ವನಿಗೆ ಹೇಳಿದರು:

"ನಿಮ್ಮ ಮಂದೀದು ಒಂದು ಚಲೋ ಗುಣ ನೋಡಬೇ. ನೋವಾದ್ರ ಮುಚ್ಚಿಡೂದಿಲ್ಲ, ಓಣಿ ಎಬ್ಬಸ್ತೀರಿ. ನಾವು ಹಲ್ಲು ಕಚಗೊಂಡು ಕುಂಡ್ರವರು. ನಮ್ಮವರದು ಮಖ ನೋಡೇ ತಿಳ್ಕೋಬೇಕು."

ಅದು ಹೊಗಳಿಕೆಯೇ. ಅವ್ವ ಹೌದ್ರಿ ಎಂದು ತಲೆಯಾಡಿಸಿದಳು.

ಯಜಮಾನರ ಮುಖವನ್ನು ಅವರು ಹಾಗೆಯೇ ಓದಿದ್ದರು. ಒಂದು ಮಧ್ಯಾಹ್ನ ಊಟಕ್ಕೆ ಕೂತವರು ಅರ್ಧ ರೊಟ್ಟಿ ಬಿಟ್ಟು, ಏನೂ ಹೇಳದೆ ಎದೆಯ ಮೇಲೆ ಕೈಯಿಟ್ಟರಷ್ಟೇ. ಒಲೆಯ ಮುಂದಿದ್ದ ಅಕ್ಕೋರು ಒಮ್ಮೆ ನೋಡಿದರು, ಒಲೆ ಆರಿಸಿದರು. ಊಟದ ತಟ್ಟೆ ಎತ್ತುವ ಮೊದಲೇ ಕಾರು ರಾಯಚೂರಿನ ಹಾದಿ ಹಿಡಿದಿತ್ತು. ಅಲ್ಲಿ ಡಾಕ್ಟರು ಅಜೀರ್ಣ ಎಂದರಂತೆ. ಸಂಜೆ ಗಂಡಹೆಂಡತಿ ನಗುತ್ತ ವಾಪಸಾದರು. ಅವ್ವ ದೃಷ್ಟಿ ತೆಗೆದಳು.

ಮರುವರ್ಷದ ಬೇಸಿಗೆ. ನನ್ನ ಹತ್ತನೆಯ ತರಗತಿಯ ಪರೀಕ್ಷೆ ಮುಗಿದಿತ್ತು. ಅಕ್ಕೋರ ಮನೆಯಲ್ಲಿ ಮಠದ ಅಯ್ಯನವರ ಪಾದಪೂಜೆ. ಬೆಳಗಿನಿಂದಲೇ ನೆಲ ಕಾದು ಕಾಲಿಡದಂತಾಗಿತ್ತು. ಅವ್ವನ ಜೊತೆ ನಾನೂ ಹೋಗಿದ್ದೆ. ಅಡುಗೆಮನೆಯ ಹೊಸ್ತಿಲಲ್ಲಿ ನಿಂತು ಅವ್ವ ಹೇಳಿದಳು:

"ಅಕ್ಕೋರೆ, ಎದಿ ಮ್ಯಾಲ ಕಲ್ಲು ಇಟ್ಟಂಗ ಆಗಾಕತ್ತದ್ರಿ."

ಎಷ್ಟು ಮೆಲ್ಲಗೆಂದರೆ, ನೀರು ಬೇಕಾ ಎಂದು ಕೇಳಿದ ಹಾಗೆ. ಅಕ್ಕೋರು ಹೋಳಿಗೆ ತಟ್ಟುತ್ತಲೇ ಕೇಳಿಸಿಕೊಂಡರು. "ಬಿಸಲಾಗ ಬಂದೀದಿ, ಅದಕ್ಕ" ಎಂದು ತಾವೇ ಎದ್ದು, ಮಜ್ಜಿಗೆಗೆ ಉಪ್ಪು ಹಾಕಿ ಕೊಟ್ಟರು. "ಜರಾ ಕುಂಡ್ರು" ಎಂದರು. ಕೊಡುವಾಗ ಅವ್ವನ ಮುಖ ನೋಡಲಿಲ್ಲ. ನೋಡಿದ್ದರೆ ಬೆವರು ಕಾಣುತ್ತಿತ್ತು.

ಅವ್ವ ಕೂತಳು, ಎದ್ದಳು, ಪಾತ್ರೆ ತಿಕ್ಕಿದಳು. ಮತ್ತೆ ಹೊಸ್ತಿಲಿಗೆ ಹೋದಳು. "ಮನಿಗಿ ಹೋಗ್ಲೇನ್ರಿ?"

"ಅಯ್ಯನೋರು ಬಂದೇ ಬಿಟ್ರು, ಈಗ ಹ್ಯಾಂಗಬೇ? ಪೂಜಿ ಮುಗೀಲಿ. ಹೋಳಿಗಿ ಕಟ್ಟಿ ಕೊಡ್ತೀನಿ, ಒಯ್ಯುವಂತಿ."

ನಾನು ಅವ್ವನ ಕೈ ಹಿಡಿದೆ. ಆ ಬಿಸಿಲಲ್ಲೂ ತಣ್ಣಗಿತ್ತು. "ಜೋರಾಗಿ ಹೇಳಬೇ! ಒದರಿ ಹೇಳು!" ಎಂದೆ.

"ಮಂದಿ ಅದಾರ" ಎಂದಳು ಅವ್ವ. ಅವಳ ಕೊನೆಯ ಮಾತು ಅದು.

ನಾನು ಹಿತ್ತಿಲ ಬಾಗಿಲಿಂದ ಓಡಿಹೋಗಿ ಆಟೋ ತಂದೆ. ಬರುವಷ್ಟರಲ್ಲಿ ಅವ್ವ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಮಲಗಿದ್ದಳು. ಒಳಗೆ ಮಂತ್ರ ನಡೆದಿತ್ತು. ಯಾರಿಗೂ ಏನೂ ಕೇಳಿಸಿರಲಿಲ್ಲ. ದವಾಖಾನೆ ಮುಟ್ಟುವ ಮೊದಲೇ ಮುಗಿದುಹೋಗಿತ್ತು.

ಅಕ್ಕೋರು ಪೂಜೆಯ ಮಡಿಸೀರೆಯಲ್ಲೇ ನಮ್ಮ ಮನೆಗೆ ಓಡಿಬಂದರು. ಮಣ್ಣು ನೆಲದ ಮೇಲೆ ಕೂತು ಅವ್ವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಅತ್ತರು. ನಮ್ಮಲ್ಲಿ ಹೆಣದ ಮುಂದೆ ಹೆಂಗಸರು ಹಾಡಿಕೊಂಡು ಅಳುತ್ತಾರೆ, ಸತ್ತವರ ಗುಣವನ್ನೆಲ್ಲ ಹೇಳಿ ಹೇಳಿ ಕರೆಯುತ್ತಾರೆ. ಅಂದು ಅಕ್ಕೋರು ಕೂತಿದ್ದಾರೆಂದು ಯಾರೂ ಬಾಯಿ ತೆರೆಯಲಿಲ್ಲ. ನಾನು ಓಢಣಿಯನ್ನು ಬಾಯಿಗೆ ತುರುಕಿಕೊಂಡಿದ್ದೆ. ಅಕ್ಕೋರು ನನ್ನ ಗಲ್ಲ ಹಿಡಿದು ಹೇಳಿದರು:

"ಒಂದ ಸಲ ಒದರಿದ್ರ ಸಾಕಿತ್ತಲ್ಲ ತಂಗಿ. ಕಾರು ಬಾಗಲ ಮುಂದ ನಿಂತಿತ್ತು."

ಅವರ ಕಣ್ಣೀರು ಸುಳ್ಳಲ್ಲ, ಮಾತೂ ಸುಳ್ಳಲ್ಲ. ಅದಕ್ಕೇ ನನಗೆ ಹೆದರಿಕೆಯಾದದ್ದು. ಕೆಟ್ಟವರಾಗಿದ್ದರೆ ಶಾಪ ಹಾಕಿ ಹಗುರಾಗುತ್ತಿದ್ದೆ.

ಆಮೇಲೆ ಅವರೇ ನನ್ನನ್ನು ನರ್ಸಿಂಗ್ ಓದಿಸಿದರು. ದೇವದುರ್ಗದಲ್ಲಿ ನೌಕರಿ ಸಿಕ್ಕಾಗ ನನಗಿಂತ ಹೆಚ್ಚು ಕುಣಿದವರು ಅವರು. ಹಬ್ಬಕ್ಕೆ ಹೋದರೆ ತಮ್ಮ ಪಕ್ಕದಲ್ಲೇ ಕೂಡಿಸಿಕೊಂಡು ಬಂದವರಿಗೆಲ್ಲ ತೋರಿಸುತ್ತಿದ್ದರು. "ನಮ್ಮ ಹುಡುಗಿ. ಮಾತು ಎಷ್ಟು ಮೆಲ್ಲಕ ನೋಡ್ರಿ! ಆ ಓಣಿಯಾಕಿ ಅಂತ ಯಾರರ ಅಂತಾರೇನು?" ಬಂದವರು ಹೌದೌದು ಎಂದು ನನ್ನನ್ನು ನೋಡುತ್ತಿದ್ದರು. ನಾನು ಅಕ್ಕೋರ ಕಾಲು ಒತ್ತುತ್ತ ಕೂತಿರುತ್ತಿದ್ದೆ. 'ಅಕ್ಕೋರೆ, ಅವ್ವ ನಿಮಗ ಹೇಳಿದ್ದಳ್ರಿ' ಎಂಬ ಮಾತು ಗಂಟಲಿಗೆ ಬಂದು, ಅಲ್ಲೇ ಕೂತು, ಇಳಿದುಹೋಗುತ್ತಿತ್ತು. ಹೇಳಿ ಆ ಮುದುಕಿಯ ನೆಮ್ಮದಿ ಕೆಡಿಸಲು ಮನಸ್ಸಿರಲಿಲ್ಲ. ಹೇಳದೆ ನನಗೆ ನೆಮ್ಮದಿ ಇರಲಿಲ್ಲ.

ಹೋದ ಶ್ರಾವಣದಲ್ಲಿ ಅಕ್ಕೋರು ತೀರಿಕೊಂಡರು. ಸುದ್ದಿ ತಿಳಿದು ದೇವದುರ್ಗದಿಂದ ಮೊದಲ ಬಸ್ಸಿಗೆ ಬಂದೆ. ವಿಭೂತಿ ಹಚ್ಚಿ, ಅವರನ್ನು ಹೂವಿನ ನಡುವೆ ಕೂಡಿಸಿದ್ದರು. ಪಡಸಾಲೆ ತುಂಬ ಜನ, ಎಲ್ಲರೂ ಕರವಸ್ತ್ರದಲ್ಲಿ ಕಣ್ಣು ಒತ್ತಿಕೊಳ್ಳುತ್ತಿದ್ದರು. ಅವರ ಪಾದ ಮುಟ್ಟಿದೆ. ಮುಟ್ಟಿದ್ದಷ್ಟೇ ಗೊತ್ತು. ಎದೆಯಿಂದ ಒಂದು ದನಿ ಎದ್ದು ಬಂತು. ನಮ್ಮ ಓಣಿಯ ಹೆಂಗಸರು ಅಳುವ ಹಾಗೆ, ಹಾಡಿಕೊಂಡು, ಎದೆ ಬಡಿದುಕೊಂಡು ಅತ್ತೆ. ನನ್ನನ್ನು ಓದಿಸಿದ ಆ ತಾಯಿಗಾಗಿಯೂ ಅತ್ತೆ, ಅಂದು ನಾನು ಬಾಯಿಬಿಟ್ಟು ಅಳದೆ ಕಳಿಸಿದ ನನ್ನವ್ವನಿಗಾಗಿಯೂ ಅತ್ತೆ. ಯಾರಿಗೆ ಎಷ್ಟು ಎಂದು ಕೇಳಿದರೆ ಇವತ್ತಿಗೂ ಹೇಳಲಾರೆ.

ಅಕ್ಕೋರ ಸೊಸೆ ಬಂದು ಪ್ರೀತಿಯಿಂದಲೇ ನನ್ನ ಹೆಗಲ ಮೇಲೆ ಕೈಯಿಟ್ಟಳು.

"ಮೆಲ್ಲಕ, ಅಕ್ಕಾ. ಮಂದಿ ಅದಾರ."

"ಇರಲಿ, ಯವ್ವಾ" ಎಂದೆ. "ಕೇಳಲಿ."