ಗಂಟಿಲ್ಲದ ಗೋಪುರ

ಕಂಪ್ಯೂಟರ್ ಕಸೂತಿ ಯಂತ್ರ ಮಾರುವವನಿಗೆ ಬಾಯಿ ಜೋರಿರಬೇಕು. ನನಗಿತ್ತು, ಬನಹಟ್ಟಿಯ ಆ ಮನೆಯ ಪಡಸಾಲೆಯಲ್ಲಿ ಕೂರುವವರೆಗೆ.

ಮಗ್ಗದ ಮಾಲೀಕರು ನಾನು ತಂದಿದ್ದ ಮಾದರಿ ಬಟ್ಟೆಯನ್ನು ಮೆಚ್ಚಿ ತಮ್ಮ ತಾಯಿಯ ಕೈಗೆ ಕೊಟ್ಟರು. ಅಜ್ಜಿ ಮುಂಭಾಗ ನೋಡಲೇ ಇಲ್ಲ, ಸೀದಾ ತಿರುವಿ ಹಾಕಿದರು. ಹಿಂದೆ ಬರೀ ದಾರದ ಗೋಜಲು.

"ಇದ್ಯಾಕ ತಮ್ಮಾ ಹಿಂಗ?"

"ಹಿಂದೆ ಯಾರು ನೋಡ್ತಾರಜ್ಜಿ?" ಎಂದು ನಕ್ಕೆ.

ಅವರು ನಗಲಿಲ್ಲ. ಒಳಗೆ ಹೋಗಿ, ತಮ್ಮ ಮುತ್ತಜ್ಜಿ ಕಸೂತಿ ಹಾಕಿದ್ದ ಕಪ್ಪು ಸೀರೆ ತಂದು ನನ್ನ ತೊಡೆಯ ಮೇಲೆ ಹರವಿದರು. ಸೆರಗಿನ ತುಂಬ ಬೆರಳುದ್ದದ ಗೋಪುರಗಳು. ಆ ಕಪ್ಪು ಬಟ್ಟೆಯಲ್ಲಿ ಎಳೆ ಎಣಿಸಿ ಎಣಿಸಿ ಒಂದೊಂದು ಮೆಟ್ಟಿಲನ್ನೂ ಏರಿಸಿದ್ದರು.

"ಇದರಾಗ ಹಿಂದಿಂದು ಯಾವದು ಹೇಳು."

ತಿರುವಿದೆ. ಅದೇ ಗೋಪುರ. ಮತ್ತೆ ತಿರುವಿದೆ. ಕಿಟಕಿಯ ಬೆಳಕಿಗೆ ಹಿಡಿದು, ಒಂದಾದರೂ ಗಂಟು ಸಿಕ್ಕೀತೆಂದು ಬೆರಳಾಡಿಸಿದೆ. ಒಂದೂ ಇಲ್ಲ.

"ಸೂಜಿ ಹೋದ ಹಾದೀಲೇ ಹೊಳ್ಳಿ ಬರತೈತಿ ತಮ್ಮಾ. ಹೋಗುವಾಗ ಬಿಟ್ಟ ಜಾಗಾ ಬರುವಾಗ ತುಂಬತೈತಿ. ಗಂಟ್ಯಾಕ ಬೇಕು?"

ಚಹಾ ಆರಿತು. ಸೀರೆಯನ್ನು ಮಡಚಿ ಕೊಡಲು ನನಗೆ ಮನಸ್ಸೇ ಬರಲಿಲ್ಲ. ಕಡೆಗೆ ಮಾಲೀಕರೇ ಕೇಳಿದರು, "ಮತ್ತ ನಿಮ್ಮ ಮಷೀನ್ ಹೆಂಗ್ರಿ?"

ಅಷ್ಟು ಜೋರಿನ ಬಾಯಿಂದ ಅವತ್ತು ಹೊರಟದ್ದು ಇಷ್ಟೇ: "ಒಂದು ಬದಿ ಚಲೋ ಹಾಕ್ತದ್ರೀ."