ಅಂಕಯ್ಯನ ತಮಟೆ ಮತ್ತು ಬೆಳಗಿನ ಏಳು ಗಂಟೆಯ ಆಟ

ಹುಣಸೂರಿನ ಅಂಕಯ್ಯ ಇಪ್ಪತ್ತೆಂಟು ವರ್ಷದಿಂದ ಹೊಗೆಸೊಪ್ಪಿನ ಬೇಲು ಹೊರುವ ಹಮಾಲಿ. ಬೇಲು ಕಂಡರೆ ಮೊಣಕೈವರೆಗೆ ಕೈ ತೂರಿಸಿ ನೋಡುವುದು ಅವನ ಚಾಳಿ. ಮೇಲೆ ಬಂಗಾರದ ಬಣ್ಣದ ಎಲೆ ಜೋಡಿಸಿ, ಒಳಗೆ ಕಪ್ಪು ಚೂರು ತುಂಬಿ ತರುವವರನ್ನು ಬೇಕಾದಷ್ಟು ಕಂಡಿದ್ದ. ಹಾಗೆ ಕಂಡೂ ಕಂಡೂ, ಮನುಷ್ಯರನ್ನೂ ಒಳಗೆ ಕೈ ಹಾಕಿ ನೋಡದೆ ನಂಬುವುದನ್ನು ಬಿಟ್ಟುಬಿಟ್ಟಿದ್ದ. ಹಾಲಿನವನು ನಕ್ಕರೆ ನೀರು ಬೆರೆಸಿದ್ದಾನೆ ಅನ್ನುವನು, ಮುಖ ಗಂಟು ಹಾಕಿಕೊಂಡರೂ ನೀರು ಬೆರೆಸಿದ್ದಾನೆ ಅನ್ನುವನು. ದೇವರೇ ಪ್ರತ್ಯಕ್ಷನಾದರೂ ಈ ಮನುಷ್ಯ ಆಧಾರ್ ಕಾರ್ಡ್ ಕೇಳುತ್ತಾನೆ ಎಂದು ಹೆಂಡತಿ ಸುನಂದಮ್ಮ ಬೀದಿಗೆಲ್ಲ ಹೇಳಿಕೊಂಡು ನಗುತ್ತಿದ್ದಳು.

ಮುನ್ನೂರ ಅರವತ್ತನಾಲ್ಕು ದಿನ ಅವನು ಬರೀ ಹಮಾಲಿ, ಹೆಸರು ಹಿಡಿದು ಕೂಗುವವರೂ ಕಡಿಮೆ. ಉಳಿದ ಆ ಒಂದು ದಿನ ಮಾತ್ರ ಎರಡು ತಾಲೂಕಿಗೆ ಅವನ ಹೆಸರು ಗೊತ್ತು. ಡಿಸೆಂಬರಿನ ಮೊದಲ ಭಾನುವಾರ ಹುಣಸೂರಿಗೂ ಪಿರಿಯಾಪಟ್ಟಣಕ್ಕೂ ಫುಟ್ಬಾಲ್ ಪಂದ್ಯ. ಸಂಜೆ ನಾಲ್ಕಕ್ಕೆ ಆಟ ಅಂದರೆ ಎರಡು ಗಂಟೆಗೇ ಮೈದಾನ ತುಂಬುತ್ತಿತ್ತು. ಪಿರಿಯಾಪಟ್ಟಣದವರು ಟೆಂಪೋಗಳಲ್ಲಿ ಬಂದಿಳಿದು, ಹಳೆ ಲಾರಿಯಿಂದ ಬಿಚ್ಚಿದ ಹಾರನ್ ಬ್ಯಾಟರಿಗೆ ಕಟ್ಟಿ ಕಿವಿ ಹರಿಯುವಂತೆ ಬಾರಿಸುವರು. ಅದಕ್ಕೆ ಹುಣಸೂರಿನ ಉತ್ತರ ಅಂಕಯ್ಯನ ತಮಟೆ. ಗೇಟಿನ ಹೊರಗೆ ಹುಲ್ಲಿನ ಬೆಂಕಿ ಹಾಕಿ, ಚರ್ಮ ಕಾಯಿಸಿ, ಬಿಗಿ ಬಂದ ಮೇಲೆ ಮೊದಲ ಏಟು ಕೊಟ್ಟನೆಂದರೆ ಕಡ್ಲೆಕಾಯಿ ಮಾರುವವನೂ ತಕ್ಕಡಿ ಕೆಳಗಿಟ್ಟು ಕುಣಿಯುತ್ತಿದ್ದ.

ಅಂಕಯ್ಯ ಹುಟ್ಟಿದಾಗಿನಿಂದ ಚೆಂಡು ಒದ್ದವನಲ್ಲ. ಆದರೆ ಆಟ ಓದುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಣಸೂರಿನವರು ಎಡಗಡೆಯಿಂದ ನುಗ್ಗುವ ಸೂಚನೆ ಕಂಡರೆ ಒಂದು ಏಟು, ಬಲಗಡೆಗೆ ಇನ್ನೊಂದು, ನಡುವೆ ನೇರ ಹೊಡೆಯುವುದಾದರೆ ಮತ್ತೊಂದು. ಯೋಚಿಸಿ ಬಾರಿಸುತ್ತಿರಲಿಲ್ಲ, ಕೈ ತಾನಾಗಿ ಬದಲಾಗುತ್ತಿತ್ತು. ಅಂಕಯ್ಯನ ತಮಟೆ ಚೆಂಡಿಗಿಂತ ಎರಡು ಹೆಜ್ಜೆ ಮುಂದೆ ಓಡುತ್ತದೆ ಎಂದು ಜನ ಹೆಮ್ಮೆಪಡುತ್ತಿದ್ದರು.

ಇಷ್ಟಾದರೂ ಆರು ವರ್ಷದಿಂದ ಹುಣಸೂರು ಗೆದ್ದಿರಲಿಲ್ಲ. ಪಿರಿಯಾಪಟ್ಟಣದ ಗೋಲ್‌ಕೀಪರ್ ಚಿಕ್ಕಮಾದು, ಬಸ್ ಸ್ಟ್ಯಾಂಡ್ ಪಕ್ಕ ಪಂಕ್ಚರ್ ಅಂಗಡಿ ಇಟ್ಟವನು, ಎಲ್ಲಿ ಹೊಡೆದರೂ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಇದು ಬರೀ ಚುರುಕುತನವಲ್ಲ, ಒಳಗಿನ ಸುದ್ದಿ ಯಾರೋ ಮುಟ್ಟಿಸುತ್ತಿದ್ದಾರೆ ಎಂದು ಅಂಕಯ್ಯ ತೀರ್ಮಾನಿಸಿದ. ಯಾರು ಎಂದು ಹುಡುಕುವುದು ಕಷ್ಟವಾಗಲಿಲ್ಲ. ಎಡಗಡೆ ಆಡುವ ಕೃಷ್ಣಕುಮಾರನ ಹೆಂಡತಿಯ ತವರು ಪಿರಿಯಾಪಟ್ಟಣ. ಹೋದ ವರ್ಷ ಸೋತ ಮರುದಿನವೇ ಅಂಕಯ್ಯ ಟೀ ಅಂಗಡಿಯಲ್ಲಿ, ಮಾವನ ಮನೆ ಬಾಡೂಟಕ್ಕೆ ಇವನು ಊರಿನ ಆಟ ಮಾರಿಕೊಂಡ ಅಂದ. ಮಾತು ಊರು ಸುತ್ತಿತು. ಕೃಷ್ಣಕುಮಾರ ಬೈಕಿನಲ್ಲಿ ಹೋದರೆ ಹಿಂದಿನಿಂದ ಯಾರಾದರೂ ಪಿರಿಯಾಪಟ್ಟಣದ ಅಳಿಯ ಎಂದು ಕೂಗುವುದು ಮಾಮೂಲಾಯಿತು. ಅವನು ಟೀ ಅಂಗಡಿಗೆ ಬರುವುದನ್ನೇ ನಿಲ್ಲಿಸಿದ. ನೋಡಿದಿರಾ, ತಪ್ಪಿಲ್ಲದವನು ಯಾಕೆ ಮುಖ ಮರೆಸುತ್ತಾನೆ ಎಂದು ಅಂಕಯ್ಯ ಅದನ್ನೂ ಸಾಕ್ಷಿ ಮಾಡಿಕೊಂಡ.

ಈ ವರ್ಷ ನವೆಂಬರ್ ಕೊನೆಗೆ ಪಂದ್ಯದ ನೋಟೀಸು ಗೋಡೆಗೆ ಬಿತ್ತು. ಆಟ ಬೆಳಿಗ್ಗೆ ಏಳು ಗಂಟೆಗೆ. ಕಾರಣ, ಬಿಸಿಲಿನ ತಾಪ.

ಡಿಸೆಂಬರಿನಲ್ಲಿ ಬಿಸಿಲಿನ ತಾಪ. ಅಂಕಯ್ಯ ಮೂರು ಸಲ ಓದಿಸಿಕೊಂಡ. ಬೆಳಿಗ್ಗೆ ಏಳಕ್ಕೆ ಹುಣಸೂರಿನಲ್ಲಿ ಎದುರು ನಿಂತ ಎಮ್ಮೆ ಕಾಣದಷ್ಟು ಮಂಜು. ಆ ಇಬ್ಬನಿಗೆ ತಮಟೆಯ ಚರ್ಮ ಒದ್ದೆ ಬಟ್ಟೆಯಾಗುತ್ತದೆ, ಎಷ್ಟು ಕಾಯಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ಸಡಿಲ. ಪ್ಲಾಸ್ಟಿಕ್ ತಮಟೆ ತಗೋ ಎಂದವರಿಗೆ, ಬಕೆಟ್ ಬಡಿಯುವುದಕ್ಕೆ ನಾನೇ ಬೇಕಾ ಎಂದು ಕೇಳಿದ. ಯಾರು ಯಾಕೆ ಮಾಡಿದ್ದಾರೆಂದು ಅವನಿಗೆ ಸ್ಪಷ್ಟವಾಗಿತ್ತು. ಪಿರಿಯಾಪಟ್ಟಣದವರು ಅವನ ತಮಟೆಯ ಬಾಯಿ ಕಟ್ಟಿದ್ದರು. ವರ್ಷಕ್ಕೆ ಇದ್ದದ್ದು ಒಂದು ದಿನ, ಅದನ್ನೂ ಕಿತ್ತುಕೊಂಡಿದ್ದರು.

ಮರುದಿನ ಕೆಲಸಕ್ಕೆ ರಜೆ ಹಾಕಿ ಬಿಳಿಕೆರೆಗೆ ಹೋದ. ಪಂದ್ಯದ ಸಮಿತಿ ನಡೆಸುವ ನೀಲಕಂಠಸ್ವಾಮಿ ಅಲ್ಲಿರುವುದು. ನಿವೃತ್ತ ಪಿಟಿ ಮೇಷ್ಟ್ರು, ಎರಡೂ ಊರಿಗೆ ಸೇರದವರು ಎಂದೇ ಅವರನ್ನು ಇಟ್ಟುಕೊಂಡಿದ್ದರು. ಮೇಷ್ಟ್ರು ಕಾಫಿ ಕೊಡಿಸಿದರು. ಕಾಫಿ ಕೊಡಿಸಿದ್ದಕ್ಕೇ ಅಂಕಯ್ಯನಿಗೆ ಇನ್ನಷ್ಟು ಅನುಮಾನವಾಯಿತು. ಹೊತ್ತು ಬದಲಿಸಲು ಕೇಳಿದವರು ಯಾರು ಎಂದರೆ ಅವರು ಹವಾಮಾನದ ವಿಷಯ ಮಾತಾಡಿದರು, ಮಂಡಿ ನೋವಿನ ವಿಷಯ ಮಾತಾಡಿದರು. ಅಂಕಯ್ಯ ಲೋಟ ಮುಟ್ಟದೆ ಕೂತೇ ಇದ್ದ. ಕೊನೆಗೆ ಮೇಷ್ಟ್ರಿಗೆ ಸಾಕಾಯಿತು.

"ಪಿರಿಯಾಪಟ್ಟಣದವರು ಕೇಳಿಲ್ಲ ಕಣಯ್ಯಾ. ಕೇಳಿದ್ದು ನಿಮ್ಮೂರ ಕ್ಯಾಪ್ಟನ್ನು. ಯಾಕೆ ಅಂತ ಅವನನ್ನೇ ಕೇಳು."

ಹುಣಸೂರಿನ ಕ್ಯಾಪ್ಟನ್ ಮಹೇಂದ್ರ ಅಂಕಯ್ಯನ ತಂಗಿಯ ಮಗ. ಎತ್ತಿ ಆಡಿಸಿದ ಹುಡುಗ. ವಾಪಸ್ ಬರುವ ಬಸ್ಸಿನಲ್ಲಿ ಅಂಕಯ್ಯ ಅದನ್ನೇ ಮೆಲುಕು ಹಾಕಿದ. ಸ್ವಂತ ಅಳಿಯನೂ ಆ ಕಡೆಯವನಾದ. ಮಹೇಂದ್ರನನ್ನು ಕೇಳಲಿಲ್ಲ. ಕೇಳಿದರೆ ಎಚ್ಚರವಾಗುತ್ತಾನೆ, ಸುಳ್ಳು ಜೋಡಿಸಿಕೊಳ್ಳುತ್ತಾನೆ. ನಾಲ್ಕು ದಿನ ಬರೀ ನೋಡಿದ. ಮಹೇಂದ್ರ ಎದುರು ಸಿಕ್ಕಿದಾಗ ಕಣ್ಣು ತಪ್ಪಿಸುತ್ತಿದ್ದ. ಆಟಗಾರರು ಗುಂಪಾಗಿ ನಿಂತು ಮಾತಾಡುತ್ತಿದ್ದವರು ಇವನು ಬಂದ ಕೂಡಲೇ ಸುಮ್ಮನಾಗುತ್ತಿದ್ದರು. ಆ ಗುಂಪಿನಲ್ಲಿ ಕೃಷ್ಣಕುಮಾರನೂ ಇದ್ದ.

ಐದನೆಯ ದಿನ ನೇರ ಪಿರಿಯಾಪಟ್ಟಣಕ್ಕೆ ಹೋದ. ಬೇರು ಅಲ್ಲೇ ಇದೆ, ಅಲ್ಲೇ ಹಿಡಿಯಬೇಕು. ಚಿಕ್ಕಮಾದು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ನೋಡುತ್ತಿದ್ದ. ಅಂಕಯ್ಯನನ್ನು ಕಂಡು ಎದ್ದು, ಕೈ ಒರೆಸಿಕೊಂಡು, ಸ್ಟೂಲು ಹಾಕಿದ. ಅಂಕಯ್ಯ ಕೂರಲಿಲ್ಲ. ನಿಂತೇ ಎಲ್ಲವನ್ನೂ ಒದರಿದ. ನೀವು ಕೃಷ್ಣಕುಮಾರನನ್ನು ಕೊಂಡುಕೊಂಡಿರಿ, ಈಗ ನನ್ನ ಅಳಿಯನನ್ನೂ ಕೊಂಡುಕೊಂಡು, ಆಟವನ್ನು ಇಬ್ಬನಿಗೆ ಹಾಕಿಸಿ ನನ್ನ ತಮಟೆ ಕೊಂದಿರಿ ಎಂದ.

ಚಿಕ್ಕಮಾದು ಮೊದಲು ನಕ್ಕ. ಅಂಕಯ್ಯ ಕೃಷ್ಣಕುಮಾರನ ಹೆಸರು ಮತ್ತೆ ಎತ್ತಿದಾಗ ಅವನ ನಗು ನಿಂತಿತು.

"ಪಾಪ, ಅವ್ನ ಮೇಲೆ ಅಂಗೆಲ್ಲ ಯೋಳ್ಬ್ಯಾಡಿ ಕಣಣ್ಣ. ಅವ್ನು ಇಲ್ಲಿಗ್ ಬಂದ್ರೆ ನನ್ ಕುಟ್ಟೆ ಮಾತೂ ಆಡಕ್ಕಿಲ್ಲ. ನಿಮ್ ತಮಟೆ ಸತ್ರೆ ನಮ್ಗೇನ್ ಲಾಭ? ಅದು ಇದ್ರೇನೇ ನಮ್ಗೆ ಲಾಭ."

ಏನು ಹಾಗೆಂದರೆ ಎಂದು ಅಂಕಯ್ಯ ಕೇಳಿದ. ಚಿಕ್ಕಮಾದು ಟ್ಯೂಬನ್ನು ಮತ್ತೆ ನೀರಿನಲ್ಲಿ ಮುಳುಗಿಸಿದ. ಹೇಳಬೇಕೋ ಬೇಡವೋ ಎಂದು ತೂಗುತ್ತಿದ್ದಾನೆಂದು ಯಾರಿಗಾದರೂ ಗೊತ್ತಾಗುತ್ತಿತ್ತು.

"ಎಡಗಡಿಂದ ಬರೋದಾದ್ರೆ ನಿಮ್ ಏಟು ಮೊದ್ಲೇ ಬದಲಾಯ್ತದೆ. ಬಲಗಡೆಗೂ ಅಂಗೇಯ. ಆರ್ ವರ್ಸದಿಂದ ನಾನು ಚೆಂಡ್ ನೋಡ್ಕಂಡು ಆಡಿಲ್ಲ ಕಣಣ್ಣ, ನಿಮ್ ತಮಟೆ ಕೇಳ್ಕಂಡು ಆಡೀವ್ನಿ. ನಿಮ್ಮೋರ್ಗೆ ಈಗ ಗೊತ್ತಾಗ್ಯದೆ ಅನ್ಸ್ತದೆ. ಅದ್ಕೇ ಏಳ್ ಗಂಟೆ."

ಅಂಕಯ್ಯ ಆಗ ಸ್ಟೂಲಿನ ಮೇಲೆ ಕೂತ. ಇದೂ ಒಂದು ಸಂಚಿರಬಹುದೇ ಎಂದು ಎಲ್ಲ ಕಡೆಯಿಂದ ತಿರುಗಿಸಿ ನೋಡಿದ. ಹಿಂದಿನ ಪಂದ್ಯಗಳನ್ನು ಒಂದೊಂದಾಗಿ ನೆನೆದ. ತಾನು ಏಟು ಬದಲಿಸಿದ್ದು, ಮರುಕ್ಷಣ ಚಿಕ್ಕಮಾದು ಆ ಕಡೆಗೆ ಜರುಗಿದ್ದು, ಆಮೇಲೆ ಚೆಂಡು ಬಂದದ್ದು. ಎಲ್ಲವೂ ಕಣ್ಣೆದುರೇ ನಡೆದಿತ್ತು. ತನ್ನನ್ನೊಬ್ಬನನ್ನು ಬಿಟ್ಟು ಅವನು ಜಗತ್ತನ್ನೆಲ್ಲ ಅನುಮಾನಿಸಿದ್ದ.

ಬಸ್ಸಿನಲ್ಲಿ ಬರುವಾಗ ಒಂದು ಆಸೆ ಹುಟ್ಟಿತು. ಎಡಕ್ಕೆ ಹೋಗುವಾಗ ಬಲದ ಏಟು ಕೊಟ್ಟು ಚಿಕ್ಕಮಾದುವನ್ನು ದಾರಿ ತಪ್ಪಿಸಿದರೆ? ಕಣ್ಣು ಮುಚ್ಚಿ ಆಟ ನೆನೆಯುತ್ತಾ ತೊಡೆಯ ಮೇಲೆ ಬೆರಳಿನಿಂದ ಬಾರಿಸಿ ನೋಡಿದ. ಪ್ರತಿ ಸಲವೂ ಕೈ ನಿಜವನ್ನೇ ನುಡಿಯಿತು. ಮನೆಗೆ ಬಂದು ಎರಡು ದಿನ ಪ್ರಯತ್ನಪಟ್ಟ. ಕೈ ಸುಳ್ಳು ಕಲಿಯಲಿಲ್ಲ.

ಭಾನುವಾರ ಬೆಳಿಗ್ಗೆ ತಮಟೆ ಹೆಗಲಿಗೆ ಹಾಕಿಕೊಂಡು ಮೈದಾನಕ್ಕೆ ಹೋದ, ಬರಿಗೈಯಲ್ಲಿ ಹೋದರೆ ಊರು ಪ್ರಶ್ನೆ ಕೇಳುತ್ತದೆ ಎಂದು. ಜನ ಬಂದಿದ್ದರು, ಆದರೆ ಅದು ಪಂದ್ಯದ ಜನದ ಹಾಗಿರಲಿಲ್ಲ. ಮಂಕಿ ಕ್ಯಾಪ್ ಹಾಕಿ, ಶಾಲು ಹೊದ್ದು, ಟೀ ಲೋಟಗಳನ್ನು ಎರಡು ಕೈಯಲ್ಲಿ ಹಿಡಿದು ಆಸ್ಪತ್ರೆ ಬಾಗಿಲಲ್ಲಿ ಕಾಯುವವರಂತೆ ಕೂತಿದ್ದರು. ಪಿರಿಯಾಪಟ್ಟಣದವರ ಹಾರನ್ ಕೂಡ ಥಂಡಿಗೆ ಕೆಮ್ಮುತ್ತಿತ್ತು. ಯಾರೋ ಹುಲ್ಲು ತಂದು, ಬೆಂಕಿ ಹಾಕ್ತೀವಿ ಕಾಯಿಸಣ್ಣ ಎಂದರು. ಈ ಹಿಮಕ್ಕೆ ನಿಲ್ಲುವುದಿಲ್ಲ ಎಂದು ಅಂಕಯ್ಯ ತಮಟೆಯನ್ನು ಬೆನ್ನ ಹಿಂದೆ ಇಟ್ಟುಕೊಂಡು ಕೂತ. ಮಹೇಂದ್ರ ದೂರದಿಂದ ಅದನ್ನು ನೋಡಿದ. ಹತ್ತಿರ ಬರಲಿಲ್ಲ.

ಆಟ ಶುರುವಾಯಿತು. ಹಿಡಿದು ನಡೆಸುವ ತಾಳವಿಲ್ಲದೆ ಜನ ಒಬ್ಬೊಬ್ಬರು ಒಂದೊಂದು ಕಡೆಯಿಂದ ಕೂಗಿದರು. ಅಂಕಯ್ಯ ಎರಡು ಕೈಗಳನ್ನೂ ಕಂಕುಳಲ್ಲಿ ಅದುಮಿಕೊಂಡಿದ್ದ. ಮಂಜಿನ ಆಚೆ ಚಿಕ್ಕಮಾದು ಗೋಲಿನ ಮುಂದೆ ಕತ್ತು ಓರೆ ಮಾಡಿ, ತಮಟೆ ಕೇಳಿಸದೆ ಅಡ್ಡಾಡುತ್ತಿದ್ದ. ಎರಡನೇ ಅರ್ಧದಲ್ಲಿ ಅಂಕಯ್ಯನ ಬೆರಳುಗಳು ಕಂಕುಳೊಳಗೇ ಎಡದ ಏಟು ಹಾಕಿದವು. ಮರುಕ್ಷಣ ಕೃಷ್ಣಕುಮಾರ ಎಡಗಡೆಯಿಂದ ನುಗ್ಗಿದ. ಚಿಕ್ಕಮಾದು ಇನ್ನೊಂದು ಕಡೆಗೆ ಹಾರಿದ. ಚೆಂಡು ಬಲೆಗೆ ಬಿತ್ತು.

ಹುಣಸೂರು ಒಂದು ಗೋಲಿನಿಂದ ಗೆದ್ದಿತು. ಅಷ್ಟು ಹೊತ್ತಿಗೆ ಮಂಜು ಸರಿದು ಬಿಸಿಲು ಬಿದ್ದಿತ್ತು, ಜನ ಮೈದಾನಕ್ಕೆ ನುಗ್ಗಿದ್ದರು. ಬಾರಿಸಣ್ಣ, ಈಗಲಾದರೂ ಬಾರಿಸು ಎಂದು ಸುತ್ತ ನಿಂತರು. ಅಂಕಯ್ಯ ಒಂದೊಂದೇ ಮುಖವನ್ನು ನೋಡಿದ. ಇವನಿಗೆ ಗೊತ್ತಿತ್ತೇ? ಇವನಿಗೆ? ಅಷ್ಟರಲ್ಲಿ ಮಹೇಂದ್ರ ಬೆವರು ಒರೆಸುತ್ತಾ ಬಂದು ಎದುರು ನಿಂತ. ಅಂಕಯ್ಯ ಅವನನ್ನು ಗುಂಪಿನಿಂದ ಆಚೆ ಕರೆದುಕೊಂಡು ಹೋಗಿ, ಎಷ್ಟು ಜನಕ್ಕೆ ಗೊತ್ತು ಎಂದು ಕೇಳಿದ. ಹೋದ ವರ್ಷದ ವಿಡಿಯೋ ನೋಡುವಾಗ ತಿಳಿಯಿತು, ಆಡುವವರಿಗೆಲ್ಲ ಗೊತ್ತು ಎಂದು ಮಹೇಂದ್ರ ನೆಲ ನೋಡುತ್ತಾ ಹೇಳಿದ.

"ನನ್ ಕುಟ್ಟೆ ಒಂದ್ ಮಾತು ಯೋಳದ್ಕಿಂತ ಎರಡ್ ತಾಲೂಕ್ನೇ ಒತ್ತಾರೆ ಎಬ್ಬಿಸದು ಸಲೀಸಾಯ್ತಾ ನಿಂಗೆ?"

"ಯೋಳಿದ್ರೆ ನೀನು ನಂಬ್ತಿದ್ಯಾ ಮಾವ?"

ಅಂಕಯ್ಯ ಬಾಯಿ ತೆರೆದ. ಪಿರಿಯಾಪಟ್ಟಣದವರು ಹೇಳಿಕೊಟ್ಟ ಮಾತು ಎನ್ನುತ್ತಿದ್ದೆ, ನಿನಗೆಷ್ಟು ಕೊಟ್ಟರು ಎಂದು ಕೇಳುತ್ತಿದ್ದೆ. ಇದು ಅವನಿಗೆ ಅಲ್ಲೇ, ಆ ಕ್ಷಣವೇ ಗೊತ್ತಾಯಿತು.

"ಇಲ್ಲ ಕಣ್ಲಾ, ನಂಬ್ತಿರ್ನಿಲ್ಲ," ಎಂದ.

ಗೋಲು ಹೊಡೆದ ಕೃಷ್ಣಕುಮಾರ ಎಲ್ಲರ ಜೊತೆ ಇರಲಿಲ್ಲ. ಕಾಂಪೌಂಡ್ ಗೋಡೆಯ ಪಕ್ಕ ಒಬ್ಬನೇ ಕೂತು ಬೂಟು ಬಿಚ್ಚುತ್ತಿದ್ದ. ಅಂಕಯ್ಯ ಅಲ್ಲಿಗೆ ನಡೆದ. ದಾರಿಯುದ್ದಕ್ಕೂ ಜೋಡಿಸಿಕೊಂಡ ಮಾತೆಲ್ಲ ಹತ್ತಿರ ಹೋಗುವಷ್ಟರಲ್ಲಿ ಚದುರಿಹೋಯಿತು.

"ನಿನ್ ಮೇಲೆ ಊರೆಲ್ಲ ಸುಳ್ಳು ಯೋಳ್ಬುಟ್ಟೆ ಕಣಪ್ಪ. ಆಟ ಮಾರಿದ್ದು ನೀನಲ್ಲ, ನಾನೇಯ. ಇವತ್ತೇ ಟೀ ಅಂಗ್ಡೀಲಿ ಎಲ್ಲಾರ್ ಮುಂದೆ ಯೋಳ್ತೀನಿ."

ಕೃಷ್ಣಕುಮಾರ ಬೂಟಿನಿಂದ ತಲೆ ಎತ್ತಿ ಅಂಕಯ್ಯನನ್ನು ನಿಧಾನವಾಗಿ ಮೇಲಿಂದ ಕೆಳಗೆ ನೋಡಿದ. ಈ ಮನುಷ್ಯ ಈಗ ಯಾಕೆ ಬಂದಿದ್ದಾನೆ, ಇದರ ಹಿಂದೆ ಇನ್ನೇನು ಹೂಡಿದ್ದಾನೆ ಎಂದು ಹುಡುಕುವ ನೋಟ ಅದು. ಅಂಕಯ್ಯ ಆ ನೋಟದಿಂದ ಇಡೀ ಊರನ್ನು ನೋಡಿದ್ದ, ಯಾರೂ ಅವನನ್ನು ಹಾಗೆ ನೋಡಿರಲಿಲ್ಲ. ಅವನು ಕಣ್ಣು ತಪ್ಪಿಸದೆ ಅದರ ಎದುರು ನಿಂತುಕೊಂಡ.